ತೊಳೆಯುವ ಕೈಗೆ ಸಿಗದ ತಿಳಿಗುಲಾಬಿ

ದೇವೀರಣ್ಣನ ವಿಷಯ ಹೇಳಲೇಬೇಕು. ಹೆತ್ತೂರು ಕಡೆಯ ಎಷ್ಟೋ ಮಕ್ಕಳಿಗೆ ಕೆಮಿಸ್ಟ್ರಿ ತಲುಪಿದ್ದು ಅವನ ಮೊಬೈಲಿನಿಂದ. ಅವನು ಮಾತ್ರ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಅಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಅವನು ಲ್ಯಾಬ್ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಗಾಜು ತೊಳೆಯುತ್ತಿದ್ದಾನೆ. ಕಾಲೇಜಿನ ಹತ್ತಿರ ಸಿಗ್ನಲ್ ಇಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗುತ್ತಾನೆ. ಕೆಮಿಸ್ಟ್ರಿ ಪಾಠ ಮಾಡುವ ತನುಜಾ ಮೇಡಂ ಚೀಟಿಯಲ್ಲಿ ವೆಬ್‌ಸೈಟುಗಳ ಹೆಸರು ಬರೆದುಕೊಟ್ಟಿರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಪಾಠದ ವಿಡಿಯೊ, ಹಳೇ ಪ್ರಶ್ನೆಪತ್ರಿಕೆ ಎಲ್ಲ ಇಳಿಸಿಕೊಳ್ಳುತ್ತಾನೆ. ಸೋಮವಾರ ಮಕ್ಕಳ ಫೋನಿಗೂ ಮೇಡಂ ಫೋನಿಗೂ ಹಾಕಿಕೊಡುತ್ತಾನೆ.

ಹಾಗೆ ಇಳಿಸಿಕೊಂಡದ್ದರಲ್ಲಿ ಆಟದಂಥ ಒಂದು ಲ್ಯಾಬ್ ಇದೆ. ನೆಟ್ ಇಲ್ಲದೆಯೂ ನಡೆಯುತ್ತದೆ. ಪರದೆಯ ಮೇಲೆ ಒಂದು ಬ್ಯುರೆಟ್, ಅಂದರೆ ಕೆಳತುದಿಯಲ್ಲಿ ನಲ್ಲಿ ಇರುವ ಉದ್ದ ಗಾಜಿನ ಕೊಳವೆ. ಅದರಲ್ಲಿ ನೇರಳೆ ದ್ರಾವಣ. ಪರದೆ ಒಂದು ಸಲ ಮುಟ್ಟಿದರೆ ಕೆಳಗಿನ ಫ್ಲಾಸ್ಕಿಗೆ ಒಂದು ಹನಿ. ತಿಳಿಗುಲಾಬಿ ಬಣ್ಣ ಬಂದು ನಿಂತ ಕೂಡಲೇ ನಿಲ್ಲಿಸಬೇಕು, ಹೆಚ್ಚಾದರೆ ಲೆಕ್ಕ ತಪ್ಪಿತು. ದೇವೀರಣ್ಣ ಬಸ್ಸಿನಲ್ಲಿ ಕೂತು ಅದನ್ನು ನೂರಾರು ಸಲ ಮಾಡಿದ್ದಾನೆ. ತಪ್ಪಿದ್ದೇ ಇಲ್ಲ. ನಿಜವಾದ ಗಾಜಿನಲ್ಲಿ ಒಮ್ಮೆ ಮಾಡಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು. ದ್ರಾವಣ ಮಕ್ಕಳಿಗೆಂದು ಅಳೆದು ಮಾಡುವುದು. ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಈ ವರ್ಷ ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಸಂಜೆ ಒಂದು ಸಲಕ್ಕಾಗುವಷ್ಟು ದ್ರಾವಣ ಉಳಿಯಿತು. ಚೆಲ್ಲಿಬಿಡಿ ಎಂದರು ಮೇಡಂ. ದೇವೀರಣ್ಣ ಬಾಟಲಿ ಹಿಡಿದು ನಿಂತೇ ಇದ್ದ. ಫಾಯಿಜಾ ಎಂಬ ಹುಡುಗಿ ಅದನ್ನು ಕಂಡಳು.

"ದೇವೀರಣ್ಣ ಮಾಡ್ಲಿ ಮೇಡಂ. ಹನಿ ಹನಿ ಅಂತ ವರ್ಷವೆಲ್ಲ ನಮ್ಮ ತಲೆ ತಿಂದೋರು ಇವರೇ."

"ನಾನು ತೊಳೆಯೋನು ಕಣವ್ವ."

"ಇವತ್ತು ನಾನು ತೊಳಿತೀನಿ ಬುಡಿ."

"ಫೇಲಾದ್ರೆ ನಮ್ ಜೊತೆ ಮತ್ತೆ ಪರೀಕ್ಷೆ ಕಟ್ಬೇಕು ಕಣಣ್ಣ," ಎಂದ ಅವಳ ಕ್ಲಾಸಿನ ಚಂದನ್.

ಮೇಡಂ ನಕ್ಕು ಒಪ್ಪಿದರು.

ದೇವೀರಣ್ಣ ಕೈ ಒರೆಸಿಕೊಂಡ. ಬ್ಯುರೆಟ್ ತುಂಬಿದ. ಮೇಡಂ ಸಿದ್ಧಮಾಡಿಕೊಟ್ಟ ಫ್ಲಾಸ್ಕನ್ನು ಕೆಳಗಿಟ್ಟು ನಲ್ಲಿ ತಿರುಗಿಸಿದ. ಬ್ಯುರೆಟ್ ತೊಳೆಯುವಾಗ ಅದರ ನಲ್ಲಿಯನ್ನು ಪೂರ್ತಿ ತೆರೆಯಬೇಕು. ಇಪ್ಪತ್ತೆರಡು ವರ್ಷದ ಅಭ್ಯಾಸದ ಕೈ ಈಗಲೂ ಪೂರ್ತಿ ತೆರೆಯಿತು. ತಿಳಿಗುಲಾಬಿ ಕಣ್ಣಿಗೆ ಬೀಳುವ ಮೊದಲೇ ಫ್ಲಾಸ್ಕು ನೇರಳೆಹಣ್ಣು ಕಿವುಚಿದ ಹಾಗಾಯಿತು.

ಯಾರೂ ನಗಲಿಲ್ಲ. ಚಂದನ್ ಕೂಡ.

"ಕೈಗೆ ತೊಳೆಯೋದೇ ರೂಢಿಯಾಗ್ಬುಟ್ಟೈತೆ," ಎಂದ ದೇವೀರಣ್ಣ.

ಫಾಯಿಜಾ ಫ್ಲಾಸ್ಕಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ. ತಾನೇ ತೊಳೆದಿಟ್ಟ.

ಈಗ ರಜೆ. ಅವನು ಬ್ಯುರೆಟ್ಟಿಗೆ ಬರೀ ನೀರು ತುಂಬಿ ಹನಿ ಹನಿ ಬಿಡುವುದನ್ನು ಕೈಗೆ ಕಲಿಸುತ್ತಿದ್ದಾನೆ. ನೀರಿಗೆ ಬಣ್ಣ ಬರುವುದಿಲ್ಲ.

ಕಾಲೇಜು ಶುರುವಾದ ಮೇಲೆ ಆ ಕಡೆ ಹೋದವರು ಅವನನ್ನು ಕಂಡು ಬನ್ನಿ. ಕೆಮಿಸ್ಟ್ರಿ ಬಲ್ಲವರಾದರೆ ಮೇಡಂಗೆ ಹೇಳಿ ಒಂದು ಸಲದ ದ್ರಾವಣ ಮಾಡಿಸಿ, ಪಕ್ಕದಲ್ಲಿ ನಿಂತು, ಇನ್ನೊಂದು ಸಲ ನೋಡಣ್ಣ ಎನ್ನಿ. ಅವನು ತಾನಾಗಿ ಕೇಳುವವನಲ್ಲ.