ಬಾವನ ದನಿ

ವಿಡಿಯೊ ಎಡಿಟಿಂಗ್ ಮಾಡುವವರ ನಡುವೆ ಅವನಿಗೆ 'ಪ್ಲಗಿನ್ ಡಾಕ್ಟರ್' ಎಂದೇ ಹೆಸರು. ಎಡಿಟಿಂಗ್ ಸಾಫ್ಟ್‌ವೇರಿಗೆ ಜೋಡಿಸಿಕೊಳ್ಳುವ ಪ್ಲಗಿನ್ ಎಂಬ ಪುಟ್ಟ ಸಲಕರಣೆ ಯಾರಿಗೆ ಕೈಕೊಟ್ಟರೂ ಅವನ ಮೊದಲ ಮದ್ದು ಒಂದೇ: ಮಾಡಿದ ಕೆಲಸವನ್ನು ಅದು ಸದ್ಯಕ್ಕೆ ಕೂಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳನ್ನೆಲ್ಲ ಅಳಿಸಿ ಸಾಫ್ಟ್‌ವೇರನ್ನು ಮತ್ತೆ ತೆರೆಯುವುದು. ಹತ್ತರಲ್ಲಿ ಎಂಟು ರೋಗಕ್ಕೆ ಅದು ನಾಟುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ, ತೀರಿಕೊಂಡ ಬಾವನ ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡು ಬಂದಳು. ಗಂಟಲ ಕ್ಯಾನ್ಸರಿನಿಂದ ದನಿ ಉಡುಗುತ್ತಿದ್ದ ಬಾವ, ಮಗಳಿಗೆಂದು ಕೊನೆಯ ನಾಲ್ಕು ಮಾತು ವಿಡಿಯೊದಲ್ಲಿ ರೆಕಾರ್ಡ್ ಮಾಡಿದ್ದ. ಫ್ಯಾನಿನ ಗಿರಗಿರದಲ್ಲಿ ಮುಳುಗಿದ್ದ ಆ ಮಾತನ್ನು ಹಳೆಯ ಪ್ಲಗಿನ್ ಒಂದರಿಂದ ತಾನೇ ತಿಳಿಗೊಳಿಸಿದ್ದ.

"ಮಾತು ಕೇಳ್ಸುತ್ತೆ ಕಣೋ. ಆದ್ರೆ ಪ್ಲಗಿನ್ ಕೆಟ್ಟಿದೆ ಅಂತ ಬರುತ್ತೆ, ಪೆನ್‌ಡ್ರೈವ್‌ಗೆ ಹಾಕ್ಕೊಳ್ಳೋಕೆ ಬಿಡ್ತಿಲ್ಲ."

"ಅಷ್ಟೇನಾ? ನೆಗಡಿಗೆ ಆಪರೇಷನ್ ಮಾಡ್ಸೋಕೆ ಬಂದಿದೀಯಲ್ಲೇ ಅಕ್ಕ!" ಎಂದು ನಗುತ್ತಲೇ ಅವನು ತಾತ್ಕಾಲಿಕ ಫೈಲುಗಳನ್ನು ಅಳಿಸಿದ.

ಮತ್ತೆ ತೆರೆದಾಗಲೂ ಪ್ಲಗಿನ್ ಏಳಲಿಲ್ಲ. ಅದನ್ನು ಮಾಡಿದ ಕಂಪನಿಯೇ ಎಂದೋ ಬಾಗಿಲು ಹಾಕಿತ್ತು. ತಿಳಿಗೊಳಿಸಿದ ದನಿ ಇದ್ದದ್ದು ತಾನು ಅಳಿಸಿದ ಆ ಫೈಲುಗಳಲ್ಲಿ ಮಾತ್ರ ಎಂದು ಅವನಿಗೆ ಆಗ ಹೊಳೆಯಿತು. ಸಂಜೆಯವರೆಗೆ ಬೇರೆ ಬೇರೆ ಪ್ಲಗಿನ್ ಹಾಕಿ ನೋಡಿದ. ಬಾವನ ತುಟಿ ಅಲುಗುತ್ತಿತ್ತು, ಫ್ಯಾನು ಗಿರಗಿರ ಎನ್ನುತ್ತಿತ್ತು, ಅಷ್ಟೆ.

ಅಕ್ಕ ಬೈಯಲಿಲ್ಲ. "ಅವರು ಹೇಳಿದ್ದೆಲ್ಲ ನಂಗೆ ಬಾಯಿಪಾಠ ಆಗಿದೆ, ಹೇಳ್ತೀನಿ," ಎಂದು ಲ್ಯಾಪ್‌ಟಾಪ್ ಎತ್ತಿಕೊಂಡಳು. "ಆದ್ರೆ ಮಗೂಗೆ ಬೇಕಾಗಿದ್ದು ಅಪ್ಪನ ದನಿ ಅಲ್ವೇನೋ?"

ಅಂದಿನಿಂದ 'ಡಾಕ್ಟರೇ' ಎಂದು ಯಾರು ಕರೆದರೂ ಅವನು ಓಗೊಡುವುದಿಲ್ಲ.