ಬಳೆಯೊಳಗಿನ ಹಸು

ಹೈಡೆಲ್‌ಗ್ರುಂಡಿನ ಯಾವ ಮುದುಕಿಯ ಕೈಗೆ ಬೇಕಾದರೂ ಒಂದು ಮರದ ಹಸುವನ್ನು ಕೊಡಿ. ಅವಳು ಬಣ್ಣದ ಕಡೆ ನೋಡುವುದೇ ಇಲ್ಲ. ಎದೆಯ ಮೇಲೆ ಹೆಬ್ಬೆರಳಾಡಿಸಿ, ಇದು ಎಲ್ಫ್ರೀಡೆ ಕಾಡೆನ್ ಕಡೆದದ್ದು ಅಥವಾ ಅಲ್ಲ ಎಂದು ಹೇಳಿಬಿಡುತ್ತಾಳೆ. ಚಾಕುವಿಗೆ ಹೆಚ್ಚು ಕೆಲಸ ಕೊಡದ ಹಸು ಎಲ್ಫ್ರೀಡೆಯದು. ಗಂಡಸರು ಈ ಗುರುತನ್ನು ಹಿಡಿಯಲಾರರು. ಜರ್ಮನಿಯ ಸ್ಯಾಕ್ಸನಿ ಸೀಮೆಯ ಈ ಅದಿರುಬೆಟ್ಟಗಳಲ್ಲಿ ಉಳಿ ಗಂಡಸರ ಕೈಯದು, ಚಾಕು ಮತ್ತು ಕುಂಚ ಹೆಂಗಸರ ಕೈಯದು. ಬೆಟ್ಟದ ಹೊಟ್ಟೆಯಲ್ಲಿ ತವರ ಬರಿದಾದ ಮೇಲೆ ಗಣಿಗಾರರು ಕಾಡಿನ ಕಡೆ ಮುಖ ಮಾಡಿ ಮರ ಕಡೆಯಲು ನಿಂತರಂತೆ. ಅಂದಿನಿಂದ ಈ ಪಾಲು ಯಾರೂ ಹೇಳದೆ, ಯಾರೂ ಕೇಳದೆ ನಡೆದುಕೊಂಡು ಬಂದಿತ್ತು. ಎಲ್ಫ್ರೀಡೆ ಅದನ್ನು ಮುರಿದಳು. ಮುರಿಯಬೇಕೆಂಬ ಹಟವೇನೂ ಅವಳಿಗಿರಲಿಲ್ಲ. ತೊರೆಯ ದಡದ ಗಿರಣಿಯಲ್ಲಿ ತನ್ನ ಮನೆಗಿದ್ದ ಜಾಗ ಉಳಿಯಬೇಕಾಗಿತ್ತು, ಅಷ್ಟೆ.

ಆ ಗಿರಣಿಯಲ್ಲಿ ಹಿಟ್ಟು ಬೀಸುವುದಿಲ್ಲ. ನೀರಿನ ಚಕ್ರವೊಂದರಿಂದ ತೊಗಲಿನ ಪಟ್ಟಿಗಳನ್ನೆಳೆದು, ಉದ್ದನೆಯ ಕಿಟಕಿಯ ಕೆಳಗೆ ಸಾಲಾಗಿ ನಿಂತು, ಒಂದೊಂದು ಮನೆಯವರು ಒಂದೊಂದು ಜಾಗದಲ್ಲಿ ಮರ ಕಡೆಯುತ್ತಾರೆ. ಜಾಗವನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಆಟದ ಪ್ರಾಣಿಗಳನ್ನು ಸೀಳಿ ತೆಗೆಯುವ ಮರದ ಬಳೆಯನ್ನು ಕಡೆಯಬಲ್ಲ ಕೈ ಮನೆಯಲ್ಲಿರುವ ತನಕ ಅದು ಆ ಮನೆಯದು. ಇಲ್ಲವಾದರೆ ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮಿಖಾಯಿಲನ ಹಬ್ಬದ ದಿನ ಚೀಟಿಯೆತ್ತಿ ಬೇರೆಯವರಿಗೆ. ಕಾಡೆನ್ ಮನೆಯ ಕೈ ಎಂದರೆ ಎಲ್ಫ್ರೀಡೆಯ ಮಾವ ಓಸ್ವಿನ್. ಅವಳ ಗಂಡ ಆರ್ನೋ ಯುದ್ಧಕ್ಕೆ ಹೋದವನು ಫ್ರಾನ್ಸಿನ ಮಣ್ಣಿನಲ್ಲೇ ಉಳಿದುಹೋಗಿದ್ದ. ಯುದ್ಧ ಮುಗಿದ ಕೆಲವು ವರ್ಷಗಳಿಗೆ, ಒಂದು ಚಳಿಗಾಲದ ಕೊನೆಯಲ್ಲಿ, ಓಸ್ವಿನ್‌ನ ಬಲಗೈ ನಡುಗತೊಡಗಿತು. ಮಾಲ್ಟ್ ಕಾಫಿಯ ಬಟ್ಟಲನ್ನು ಅವನು ಎಡಗೈಗೆ ಬದಲಾಯಿಸಿಕೊಂಡದ್ದನ್ನು ಎಲ್ಫ್ರೀಡೆ ನೋಡಿದಳು. ತಾನು ನೋಡಿದ್ದನ್ನು ಮಾವನೂ ಕಂಡನೆಂದು ಅವಳಿಗೆ ಗೊತ್ತಾಯಿತು.

ಮರುದಿನವೇ ಅವಳು ಉಳಿ ಕಲಿಸಿಕೊಡಿ ಎಂದು ಕೇಳಿದಳು. ಓಸ್ವಿನ್ ಬೇಡವೆನ್ನಲು ಕಾರಣಗಳನ್ನು ಹುಡುಕಿದ: ಹೆಣ್ಣಿನ ಭುಜಕ್ಕೆ ಅಷ್ಟು ಬಲವಿಲ್ಲ, ಲಂಗ ಪಟ್ಟಿಗೆ ಸಿಕ್ಕೀತು, ನೆನೆದ ಮರದ ನೀರು ಮುಖಕ್ಕೆ ಸಿಡಿದು ಎದೆಗೆ ಶೀತ ಹಿಡಿದೀತು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಲಂಗವನ್ನು ಮೇಲೆತ್ತಿ ಕಟ್ಟಿ, ಕೆಲಸದ ಹೊತ್ತಿಗೆ ಬಟ್ಟೆಯ ಮೇಲೆ ಕಟ್ಟುವ ಆರ್ನೋನ ಹಳೆಯ ತೊಗಲಿನ ಮುಂಗವಚ ಹಾಕಿಕೊಂಡು ಬಂದು ನಿಂತಳು. ಮುದುಕ ಅದನ್ನು ನೋಡಿ, ಮಗನ ಮುಂಗವಚದ ಸಡಿಲ ಗಂಟನ್ನು ತಾನೇ ಬಿಗಿಮಾಡಿದ.

ಬಳೆ ಕಡೆಯುವುದೆಂದರೆ ಕುರುಡಾಗಿ ಕಡೆಯುವುದು. ನೀರಿನಲ್ಲಿ ನೆನೆಸಿಟ್ಟ ಸ್ಪ್ರೂಸ್ ಮರದ ದಿಂಡಿನಿಂದ ದಪ್ಪ ಬಿಲ್ಲೆ ಕೊಯ್ದು ತಿರುಗಲು ಬಿಡುತ್ತಾರೆ. ಒಂದು ಮುಖದಲ್ಲಿ ಉಳಿ ಹೊಟ್ಟೆ ಕಾಲುಗಳ ತಗ್ಗು ತೋಡುತ್ತದೆ, ಮಗುಚಿ ಹಾಕಿದರೆ ಇನ್ನೊಂದು ಮುಖದಲ್ಲಿ ಬೆನ್ನು, ಕೊರಳು, ತಲೆ. ಕೊನೆಗೆ ಕೈಗೆ ಬರುವುದು ಏಣುಗಳೂ ಕಾಲುವೆಗಳೂ ತುಂಬಿದ ಒಂದು ಮರದ ಬಳೆ. ಅದರಲ್ಲಿ ಯಾವ ಪ್ರಾಣಿಯೂ ಕಾಣುವುದಿಲ್ಲ. ಕಿತ್ತಳೆಯನ್ನು ಬಿಡಿಸಿದ ಹಾಗೆ ಬಳೆಯನ್ನು ಸುತ್ತಲೂ ಸೀಳಿದಾಗ ಪ್ರತಿ ತೊಳೆಯೂ ಒಂದು ಹಸು; ಅದಕ್ಕೆ ಕಿವಿ ಕೆತ್ತಿ ಕಾಲು ಬಿಡಿಸುವುದು ಆಮೇಲೆ ಹೆಂಗಸರ ಚಾಕು. ಎಲ್ಲಿ ತಪ್ಪಿದರೂ ಅದೇ ತಪ್ಪು ಇಡೀ ಮಂದೆಗೆ.

ಬೇಸಗೆಯಿಡೀ ಅವಳು ಬಿಲ್ಲೆಗಳನ್ನು ಹಾಳುಮಾಡಿದಳು. ಒಲೆಗೆ ಸೌದೆಯ ಕೊರತೆಯಾಗಲಿಲ್ಲ. ಕೊನೆಗೊಂದು ದಿನ ಸೀಳಿದ ತೊಳೆಯಲ್ಲಿ ಹಸು ಕಾಣಿಸಿತು. ಬರಿಯ ಹಸುವಲ್ಲ, ಕೊರಳ ಕೆಳಗಿನ ಗಂಗೆದೊಗಲು, ಬಾಗಿದ ಬೆನ್ನು, ಸಣ್ಣ ಮೂತಿ ಎಲ್ಲವೂ ಇದ್ದ ಹಸು. ಇಷ್ಟು ವರ್ಷ ಚಾಕುವಿನಿಂದ ತಾನು ಕೊನೆಯಲ್ಲಿ ತಂದುಕೊಳ್ಳುತ್ತಿದ್ದ ಆಕಾರವನ್ನು ಎಲ್ಫ್ರೀಡೆ ಉಳಿಯಿಂದಲೇ ಎಳೆದು ತಂದಿದ್ದಳು. ಅವಳು ಅದನ್ನು ಮಾವನ ಮುಂದಿಟ್ಟು ನಿಂತಳು.

ಓಸ್ವಿನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಲಕ್ಷಣವಾಗಿದೆ ಕಣಮ್ಮ," ಎಂದ. "ಈಗ ಇದಕ್ಕೆ ಕಿವಿ ಎಲ್ಲಿಂದ ತರ್ತೀಯ?"

ಅವಳು ಚಾಕು ತೆಗೆದುಕೊಂಡಳು. ಕಿವಿ ಕೆತ್ತಲು ತಲೆಯ ಮೇಲೆ ಮರವೇ ಇರಲಿಲ್ಲ. ಕಾಲನ್ನು ಎರಡಾಗಿ ಬಿಡಿಸಲು ಹೋದರೆ ಕಾಲು ಮುರಿದು ಕೈಗೆ ಬಂತು. ಹುಟ್ಟಾ ಉಳಿ ಹಿಡಿದವರು ಯಾರೂ ಮಾಡದ ತಪ್ಪು ಅದು. ಚಾಕು ಹಿಡಿದವಳು ಚಾಕುವನ್ನೇ ಮರೆತಿದ್ದಳು. ಮಾವ ನಕ್ಕ, ಅವಳೂ ನಕ್ಕಳು. ಆದರೆ ಆ ಮುರಿದ ಕಾಲನ್ನು ಮುಂಗವಚದ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವಳಿಗೊಂದು ಯೋಚನೆ ಕಾಡುತ್ತಲೇ ಇತ್ತು. ಗಿರಣಿಯ ಗಂಡಸರು ಕಡೆದ ಪ್ರಾಣಿಗಳು ಅವಳ ತೊಡೆಯ ಮೇಲೆ ರಾಶಿ ರಾಶಿಯಾಗಿ ಬಂದು ಬಿದ್ದಿದ್ದವು. ಎಲ್ಲಿ ಮರ ಹೆಚ್ಚಾಗಿ ಮಣಿಕಟ್ಟು ನೋಯುತ್ತದೆ, ಎಲ್ಲಿ ಕಡಿಮೆಯಾಗಿ ಮೂತಿ ಒಡೆಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲ, ಮರದ ಬಳೆ ಕಡೆಯುವ ಬಳೆಗಾರ ಆ ಸಾಲಿನಲ್ಲಿ ಯಾರಿದ್ದಾರೆ? ಒಬ್ಬನೂ ತಾನು ಕಡೆದದ್ದನ್ನು ತಾನೇ ಕೆತ್ತಿದವನಲ್ಲ. ಮನೆ ಮುಟ್ಟುವಷ್ಟರಲ್ಲಿ ಜಾಗ ತನ್ನದೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಆ ದಿನ ಆಲೂಗಡ್ಡೆಗೆ ಮೊಸರುಗಿಣ್ಣಿನ ಜೊತೆ ಅಗಸೆಯೆಣ್ಣೆಯನ್ನು ಧಾರಾಳವಾಗಿಯೇ ಸುರಿದಳು.

ಮಿಖಾಯಿಲನ ಹಬ್ಬದ ದಿನ ಗಿರಣಿ ತುಂಬಿತ್ತು. ಹೆಂಗಸರು ಬಾಗಿಲಾಚೆ ನಿಲ್ಲುವುದು ವಾಡಿಕೆ. ಅಂದು ಎಲ್ಲರೂ ಹೊಸ್ತಿಲ ತನಕ ಒತ್ತಿಕೊಂಡು ಬಂದಿದ್ದರು. ಗಿರಣಿಯ ಯಜಮಾನಿಕೆ ಬ್ರೂನೋ ಹೆಟ್ಸೆಯದು: ಎತ್ತರದ ಮನುಷ್ಯ, ಮಾತು ಕಡಿಮೆ. ಜಾಗ ಕೇಳುವವರು ಎಲ್ಲರೆದುರು ಒಂದು ಬಳೆ ಕಡೆಯಬೇಕು, ಅದನ್ನು ಯಜಮಾನನೇ ಸೀಳಬೇಕು, ಮೊದಲ ತೊಳೆ ಮೇಜಿನ ಮೇಲೆ ತಾನಾಗಿ ನಿಲ್ಲಬೇಕು. ಆ ಮೇಲೆ ಬಳೆಗಾರರು ಒಪ್ಪಬೇಕು. ಅಷ್ಟು ಹೊತ್ತೂ ಆ ಮನೆಯವರು ಬಾಯಿ ಬಿಡುವಂತಿಲ್ಲ. ಓಸ್ವಿನ್ ನಡುಗುವ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಗೋಡೆಗೆ ಒರಗಿದ್ದ.

ಪಕ್ಕದ ಜಾಗದ ಎಮಿಲ್ ಫಿಶ್ಟ್‌ನರ್ ಮೊದಲಿನಿಂದಲೂ ಗೇಲಿ ಮಾಡುತ್ತಿದ್ದ. ಕಾಡೆನ್‌ರ ಜಾಗದಲ್ಲಿ ಬೆಳಕು ಚೆನ್ನಾಗಿದೆ, ಚೀಟಿ ತನ್ನ ತಮ್ಮನ ಹೆಸರಿಗೆ ಬಂದರೆ ಪಕ್ಕಪಕ್ಕದಲ್ಲಿ ಕೆಲಸ ಮಾಡಬಹುದೆಂಬ ಆಸೆ ಅವನದು. ಎಲ್ಫ್ರೀಡೆ ಬಿಲ್ಲೆ ಹಾಕಿ ಪಟ್ಟಿಯನ್ನು ಸರಿಸಿದಾಗ, ಅಮ್ಮಣ್ಣಿ ರೊಟ್ಟಿ ತಟ್ತಾ ಇದಾರೆ ನೋಡ್ರಪ್ಪಾ ಎಂದ. ಅವಳು ತಿರುಗಿ ನೋಡಲಿಲ್ಲ. ಒದ್ದೆ ಮರದ ಸಿಪ್ಪೆ ಉದ್ದ ಉದ್ದ ಸುರುಳಿಯಾಗಿ ಭುಜದ ಮೇಲಿಂದ ಹಾರಿ ಹಿಂದೆ ನಿಂತವರ ಮೇಲೆ ಬಿತ್ತು. ತೋಡಿದ ಕಾಲುವೆಯೊಳಗೆ ಬೆರಳಿಟ್ಟು ನೋಡುವುದು, ಮತ್ತೆ ಉಳಿ, ಮತ್ತೆ ಬೆರಳು. ಬಳೆಯನ್ನು ಕಳಚಿ ಬ್ರೂನೋನ ಕೈಗೆ ಕೊಟ್ಟಾಗ ಅವಳ ಮುಖದಲ್ಲಿ ನೀರೂ ಬೆವರೂ ಒಂದಾಗಿದ್ದವು.

ಬ್ರೂನೋ ಬಳೆಯ ಮೇಲೆ ಕತ್ತಿಯ ಅಲಗನ್ನಿಟ್ಟು ಸುತ್ತಿಗೆಯಿಂದ ಎರಡು ಕಡೆ ಮೊಟಕಿದ. ತೊಳೆ ಕಳಚಿಕೊಂಡಿತು. ಮೇಜಿನ ಮೇಲಿಟ್ಟ. ನಿಂತಿತು.

ಆದರೆ ನೋಡಲು ಅಂದವಾಗಿರಲಿಲ್ಲ. ತಲೆಯ ಮೇಲೊಂದು ಗುಬುಟು, ಕಾಲುಗಳು ಕಂಬದಂತೆ, ಎದೆಯಲ್ಲಿ ಮಾತ್ರ ಎಲ್ಲರ ಹಸುಗಳಿಗಿಂತ ಆಳವಾದ ತಗ್ಗು. ಬಳೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದೇನು ಹಸುನೋ, ಆಲೂಗಡ್ಡೆ ಮೂಟೆನೋ?" ಎಂದ ಎಮಿಲ್. ನಗು ಎದ್ದಿತು. ಬ್ರೂನೋ ನಗಲಿಲ್ಲ, ನಿಂತದ್ದು ನಿಂತಿದೆ, ಆದರೂ ಚೀಟಿಯೆತ್ತಲು ಇಟ್ಟಿದ್ದ ತನ್ನ ಟೋಪಿಯ ಕಡೆ ಅವನ ಕೈ ಹೋಯಿತು.

ಎಲ್ಫ್ರೀಡೆ ಕೈ ಒರೆಸಿಕೊಂಡಳು. ಮನೆಯವರು ಮಾತಾಡಬಾರದು, ಅವಳು ಮಾತಾಡಲಿಲ್ಲ. ಆ ಹಸುವನ್ನೂ, ಎಮಿಲ್‌ನ ಬುಟ್ಟಿಯಿಂದ ಅಂದೇ ಸೀಳಿದ್ದ ಒಂದು ಹಸುವನ್ನೂ ಎತ್ತಿಕೊಂಡು ಬಾಗಿಲಿಗೆ ಹೋಗಿ, ಎಮಿಲ್‌ನ ಹೆಂಡತಿ ಮೇಟಾಳ ಎರಡು ಕೈಗಳಲ್ಲಿ ಇಟ್ಟಳು. ಮೇಟಾಳ ಮುಂಗವಚದ ಜೇಬಿನಲ್ಲಿ ಚಾಕು ಇಲ್ಲದ ದಿನವೇ ಇಲ್ಲ. ಅವಳು ಎರಡನ್ನೂ ತೂಗಿ ನೋಡಿ, ಮೊದಲು ಗಂಡನ ಹಸುವಿಗೆ ಚಾಕು ಹಾಕಿದಳು. ಎದೆಯ ಗಟ್ಟಿ ಮರವನ್ನು ಕೊರೆಯುತ್ತ ಕೊರೆಯುತ್ತ ಅವಳ ತುಟಿ ಬಿಗಿಯಿತು. ಹೊರಗೆ ಯಾರೋ ಕೆಮ್ಮಿದರು, ಮತ್ತೆ ಕೆಮ್ಮಿದರು, ಕೊರೆತ ಮುಗಿಯಲಿಲ್ಲ. ಅದನ್ನು ಅರ್ಧಕ್ಕೇ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಗುಬುಟಿನ ನಡುವೆ ಒಂದು ಏಟು, ಆಚೆ ಈಚೆ ಒಂದೊಂದು: ಎರಡು ಕಿವಿ. ಕಂಬದ ನಡುವೆ ಚಾಕು ಬೆಣ್ಣೆಯಲ್ಲಿ ಹೋದಂತೆ ಹೋಗಿ ಕಾಲುಗಳು ಬಿಡಿಬಿಡಿಯಾದವು. ಎದೆಯನ್ನು ಮುಟ್ಟಬೇಕಾಗಿಯೇ ಬರಲಿಲ್ಲ.

ಮೇಟಾ ಹೊಸ್ತಿಲು ದಾಟಿ ಒಳಗೆ ಬಂದು ಹಸುವನ್ನು ಗಂಡನ ಮೂಗಿನ ಕೆಳಗೆ ಹಿಡಿದಳು.

"ರೀ, ನಿಮ್ಮ ಹಸುಗೆ ಎದೆ ತೆಗೆದೂ ತೆಗೆದೂ ನನ್ನ ಹೆಬ್ಬೆರಳು ಮರಗಟ್ಟಿಹೋಗಿದೆ. ಮದುವೆಯಾದಾಗಿಂದ ಹೇಳ್ತಾನೇ ಇದೀನಿ. ಇವಳು ನಮಗೋಸ್ಕರ ಕಡೆದಿದಾಳೆ, ನೀವು ಇವರೆಲ್ಲ ನೋಡಲಿ ಅಂತ ಕಡೀತೀರ."

ಬಾಗಿಲಲ್ಲಿದ್ದ ಹೆಂಗಸರು ನಗಲಿಲ್ಲ. ಹೌದು ಹೌದೆಂದರು, ಮತ್ತು ಒಬ್ಬೊಬ್ಬರೂ ಅವರವರ ಗಂಡಂದಿರನ್ನು ನೋಡಿದರು. ಗಿರಣಿಯೊಳಗೆ ಹಲವರು ತಮ್ಮ ಉಳಿಗಳನ್ನು ಒರೆಸಿಕೊಳ್ಳತೊಡಗಿದರು. ಎಮಿಲ್ ಹಸುವನ್ನು ಕೈಗೆ ತೆಗೆದುಕೊಂಡು ಎದೆಯ ತಗ್ಗಿನಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದ. ಅವನು ಬಾಯಿಬಡುಕನಾದರೂ ಒಳ್ಳೆಯ ಬಳೆಗಾರ. ಉಳಿಯನ್ನು ಇಲ್ಲಿ ಯಾವ ಓರೆಯಲ್ಲಿ ಹಿಡಿದೆ ಎಂದು ಅವಳನ್ನು ಮೆಲ್ಲಗೆ ಕೇಳಿದ. ಒಪ್ಪಿಗೆಯೆನ್ನಲು ಬ್ರೂನೋಗೆ ಅಷ್ಟು ಸಾಕಾಯಿತು. ಚೀಟಿಯ ಟೋಪಿಯನ್ನು ಅವನು ತಲೆಗೇ ಹಾಕಿಕೊಂಡ.

ಓಸ್ವಿನ್ ಆಗ ಬಾಯಿ ತೆರೆದ. "ಕಿವಿ ಬಂತಲ್ಲಮ್ಮ," ಎಂದ, ಅಷ್ಟೆ.

ಎಲ್ಫ್ರೀಡೆ ತನ್ನ ಕೂದಲು ನೆರೆಯುವ ತನಕ ಆ ಕಿಟಕಿಯ ಕೆಳಗೆ ನಿಂತು ಕಡೆದಳು. ಹಸು, ಜಿಂಕೆ, ತಾನೆಂದೂ ಕಾಣದ ಆನೆ. ಉಳಿ ಮುಟ್ಟುವ ಮೊದಲು ಒಂದು ಚಳಿಗಾಲವಿಡೀ ಹೆಂಗಸರ ನಡುವೆ ಕೂತು ಚಾಕು ಹಿಡಿಯಬೇಕೆಂಬ ಕಟ್ಟಳೆ ಹೈಡೆಲ್‌ಗ್ರುಂಡಿಗೆ ಬಂದದ್ದು ಅವಳಿಂದ. ಎಮಿಲ್‌ನ ತಮ್ಮನೂ ಹಾಗೆ ಕೂತು, ಮೇಟಾಳ ಬೈಗುಳ ತಿಂದೇ ಕಲಿತ.

ಊರವರು ಈಗಲೂ ನೆನೆಯುವುದು ಮಾತ್ರ ಅವಳಿಗೆ ಜಾಗ ಸಿಕ್ಕ ವರ್ಷದ ಡಿಸೆಂಬರನ್ನು. ಆ ತಿಂಗಳು ನಮ್ಮ ಕಡೆ ಪ್ರತಿ ಮನೆಯ ಕಿಟಕಿಯಲ್ಲೂ, ಮನೆಯ ಗಂಡುಮಕ್ಕಳಿಗೊಬ್ಬೊಬ್ಬ ಮರದ ಗಣಿಗಾರ, ಹೆಣ್ಣುಮಕ್ಕಳಿಗೊಬ್ಬೊಬ್ಬಳು ದೇವದೂತೆ, ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ. ಗಿರಣಿಯ ಕಿಟಕಿಯಲ್ಲಿ ಜಾಗಕ್ಕೊಬ್ಬನಂತೆ ಬರೀ ಗಣಿಗಾರರ ಸಾಲು. ಆ ಸಲ ಕಾಡೆನ್ ಜಾಗದ ಮುಂದೆ ಯಾರನ್ನು ನಿಲ್ಲಿಸುವುದೆಂದು ಗಂಡಸರೊಳಗೆ ಚರ್ಚೆ ಹತ್ತಿಕೊಂಡಿತು. ಎಮಿಲ್ ರಾಜಿಗೆಂದೇ ಒಂದು ದೇವದೂತೆಯನ್ನು ಕಡೆದು, ಮೇಟಾಳಿಂದ ಚಿನ್ನದ ಬಣ್ಣ ಹಾಕಿಸಿ ತಂದಿದ್ದ. ಕೊನೆಗೆ ಬ್ರೂನೋ ಎಲ್ಫ್ರೀಡೆಯನ್ನೇ ಕೇಳಿದ.

ಎಲ್ಫ್ರೀಡೆ ತಿರುಗುತ್ತಿದ್ದ ಬಿಲ್ಲೆಯಿಂದ ಉಳಿಯನ್ನು ತೆಗೆಯದೆಯೇ ಹೇಳಿದಳು: "ಗಣಿಗಾರನನ್ನೇ ಇಡಿ. ಈ ಜಾಗದಲ್ಲಿ ದೇವದೂತೆ ನಿಂತರೆ ರೆಕ್ಕೆ ಪಟ್ಟಿಗೆ ಸಿಕ್ಕಿಕೊಂಡೀತು."