ಗಾಳಿಮರದ ಕೆಳಗೆ ನಿಲ್ಲಬೇಕಿತ್ತು

ಕಳೆದ ವಾರ ಸ್ಕೂಟರಿನ ಪಂಕ್ಚರ್ ಹಾಕಿಸಲು ಶಿರಸಿಯ ಒಂದು ಹೊಸ ಟೈರ್ ಅಂಗಡಿಯಲ್ಲಿ ನಿಂತಿದ್ದೆ. ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಕೆಲಸ ಮುಗಿದಿದೆ ಎಂದು ಅಂಗಡಿಯವರು ಎರಡು ಸಲ ಹೇಳಬೇಕಾಯಿತು. ನನ್ನ ಭಾವನ ಅಂಗಿಯಿಂದ ಬರುತ್ತಿದ್ದ ವಾಸನೆ ಅದು. ಸೋಪು ಹಾಕಿ ಎಷ್ಟು ತಿಕ್ಕಿದರೂ ಊಟಕ್ಕೆ ಕುಳಿತಾಗ ಅವರ ಕೈಯಲ್ಲಿ ಉಳಿದೇ ಇರುತ್ತಿತ್ತು...

ಭಾವ ಅಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಅವರದ್ದೂ ಟೈರ್ ಅಂಗಡಿ. ವಾರದಲ್ಲಿ ಆರು ದಿನ ಲಾರಿ ಚಕ್ರಗಳ ನಡುವೆ ಕೂತಿರುತ್ತಿದ್ದ ಮನುಷ್ಯನಿಗೆ ಇದ್ದದ್ದು ಒಂದೇ ಹುಚ್ಚು, ಸಮುದ್ರದಲ್ಲಿ ಗಾಳ ಹಾಕುವುದು. ಕರಾವಳಿಯ ರೆಸಾರ್ಟ್ ಒಂದು ಮುಚ್ಚಿದಾಗ ಅಲ್ಲಿಂದ ಹಳದಿ ಬಣ್ಣದ ಹಳೆಯ ಕಯಾಕ್ ತಂದರು. ಒಬ್ಬರೇ ಕೂತು ಹುಟ್ಟು ಹಾಕುವಷ್ಟು ಸಣ್ಣ ಪ್ಲಾಸ್ಟಿಕ್ ದೋಣಿ. ಅದರ ಬಿರುಕುಗಳಿಗೆಲ್ಲ ತಾವೇ ತೇಪೆ ಹಾಕಿದರು. ಚಳಿಗಾಲದ ಭಾನುವಾರಗಳಲ್ಲಿ ಅದನ್ನು ಗೂಡ್ಸ್ ರಿಕ್ಷಾದ ಮೇಲೆ ಬಿಗಿದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿಯುತ್ತಿದ್ದರು.

"ಬೆಟ್ಟದಲ್ಲಿ ಹುಟ್ಟಿದವ್ರಿಗೆ ಸಮುದ್ರ ಎಂತಕ್ಕೆ? ಗುಡ್ನಾಪುರದ ಕೆರೆ ಸಾಕಾಗ್ಲಿಲ್ವ?" ಎಂದು ಅಕ್ಕ ಪ್ರತಿಸಲವೂ ಕೇಳುತ್ತಿದ್ದಳು.

"ಕೆರೇಲಿ ಇಸ್ವಾಣ ಮೀನು ಸಿಕ್ತದೇನೆ?"

"ಸಮುದ್ರದಲ್ಲಿ ಸಿಕ್ಕಿದ್ದು ಎಷ್ಟು ಅಂತ ನಾನೂ ನೋಡಿದ್ದೆ, ಹೋಗಿ ಹೋಗಿ."

ಕಡಲಿನ ಮೀನುಗಾರರೂ ಮೊದಮೊದಲು ನಗುತ್ತಿದ್ದರು. "ಘಟ್ಟದ ಮೇಲಿನವ್ರು ದನಕ್ಕೆ ನೀರು ಕುಡಿಸೋ ಮರಿಗೆ ಹೊತ್ಕಂಡ್ ಬಂದ್ರು" ಎಂದು ಒಬ್ಬ ಅಜ್ಜ ಕೂಗಿ ಹೇಳಿದ್ದ. ಭಾವ ಸಿಟ್ಟಾಗಲಿಲ್ಲ. ಅದೇ ಅಜ್ಜನ ಪಕ್ಕ ಮರಳಲ್ಲಿ ಕೂತು ಗಾಳಿ, ಸೆಳೆತ, ಮಂಜು ಎಲ್ಲ ಕೇಳಿ ಕಲಿತರು. ಚಳಿಗಾಲದ ಬೆಳಿಗ್ಗೆ ಸಮುದ್ರದ ಮೇಲೆ ಕೆಲವೊಮ್ಮೆ ಮಂಜು ಹೇಗೆ ಬರುತ್ತದೆಂದರೆ, ಕೈಯಲ್ಲಿರುವ ಹುಟ್ಟಿನ ತುದಿಯೂ ಕಾಣುವುದಿಲ್ಲ. ಆಗ ಕಣ್ಣು ನಂಬಬಾರದು, ದಡದಲ್ಲಿ ಒಬ್ಬನನ್ನು ನಿಲ್ಲಿಸಿ ಅವನ ಸದ್ದನ್ನು ನಂಬಬೇಕು ಎಂದು ಹೇಳಿಕೊಟ್ಟದ್ದು ಆ ಅಜ್ಜನೇ.

ಆ ಒಬ್ಬ ನಾನಾಗಿದ್ದೆ. ಭಾವ ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯೊಂದನ್ನು ತಂದು ದಡದ ಗಾಳಿಮರಕ್ಕೆ ಹಗ್ಗದಿಂದ ತೂಗುಹಾಕಿದರು. ಮಂಜು ಇಳಿದರೆ ನಾನು ಅರವತ್ತು ಎಣಿಸಿ ಅದಕ್ಕೆ ಸ್ಪಾನರಿನಿಂದ ಮೂರು ಪೆಟ್ಟು ಹೊಡೆಯಬೇಕು. ಅವರು ಒಂದು ಸೀಟಿ ಊದುತ್ತಾರೆ, ಗಾಳ ಸುತ್ತಿ ಸದ್ದಿನ ಕಡೆಗೆ ನೇರ ಬರುತ್ತಾರೆ. ಮರದ ಎದುರಿಗೆ ಬರೀ ಮರಳು. ಎಡಕ್ಕೆ ಸ್ವಲ್ಪ ದೂರ ಹೋದರೆ ನೀರಿನೊಳಗೆ ಕಪ್ಪು ಬಂಡೆಗಳು.

"ನೀ ಈ ಮರ ಬಿಟ್ಟು ಎಲ್ಲೂ ಹೋಗುದಲ್ಲ, ತಿಳೀತಾ?"

"ಉಚ್ಚೆ ಬಂದ್ರೆ?"

"ಮರಕ್ಕೇ ಮಾಡು ಮಾರಾಯಾ. ಅದೂ ಬೆಳೀಲಿ."

ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಎಳೆದು ನೋಡದೆ ಅವರು ನೀರಿಗೆ ಕಾಲಿಟ್ಟವರಲ್ಲ. ಸೀಟಿ ಅದಕ್ಕೇ ಕಟ್ಟಿರುತ್ತಿತ್ತು. ಹುಟ್ಟಿಗೆ ಹಗ್ಗ, ಫೋನಿಗೆ ಪ್ಲಾಸ್ಟಿಕ್ ಚೀಲ. ಬೆಳಿಗ್ಗೆಯೇ ಮಂಜು ಕವಿದಿದ್ದರೆ ಚಹಾ ಕುಡಿದು ವಾಪಸ್ ಬರುತ್ತಿದ್ದೆವು. ಹಾಗೆ ಬರಿಗೈಯಲ್ಲಿ ಬಂದ ಭಾನುವಾರಗಳೇ ಹೆಚ್ಚು.

ಆ ದಿನ ಆಕಾಶ ತಿಳಿಯಾಗಿತ್ತು. ಭಾವ ಹೋಗಿ ಒಂದು ಗಂಟೆಯಾದ ಮೇಲೆ ಮಂಜು ಬಂತು. ನಾನು ಎಣಿಸಿದೆ, ಹೊಡೆದೆ. ಸೀಟಿ ಕೇಳಿತು. ಮತ್ತೆ ಎಣಿಸಿದೆ. ಈ ಸಲ ಸೀಟಿ ಎಡಗಡೆಯಿಂದ ಬಂದ ಹಾಗಿತ್ತು. ಮೂರನೆಯ ಸಲ ಇನ್ನೂ ಎಡಕ್ಕೆ... ಸೆಳೆತಕ್ಕೆ ಸಿಕ್ಕಿದ್ದಾರೆ, ನನ್ನ ಸದ್ದು ಸರಿಯಾಗಿ ಕೇಳುತ್ತಿಲ್ಲ ಅಂದುಕೊಂಡೆ.

ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರದ ಮನ್ಮನೆ ಕಡೆ. ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿ 'ಕೂ' ಅಂದರೆ ನಾವು ನಿಂತಲ್ಲಿ ನಿಲ್ಲುವುದಿಲ್ಲ. ತಿರುಗಿ 'ಕೂ' ಅನ್ನುತ್ತ ಅವರ ದನಿಯ ಕಡೆ ನಡೆಯುತ್ತೇವೆ. ಅವರೂ ನಡೆದು ಬರುತ್ತಾರೆ, ನಡುವೆ ಎಲ್ಲೋ ಸಿಗುತ್ತಾರೆ. ದನ ಹುಡುಕಲು ಹೋದ ಅಪ್ಪನನ್ನು ನಾನು ಹಾಗೆ ಎಷ್ಟು ಸಲ ಕರೆತಂದಿದ್ದೇನೋ. ನನ್ನ ಕಾಲಿಗೆ ಗೊತ್ತಿದ್ದದ್ದು ಅದೊಂದೇ.

ಹಗ್ಗ ಬಿಚ್ಚಿದೆ. ಪಟ್ಟಿಯನ್ನು ಎಡಗೈಯಲ್ಲಿ ತೂಗಿಸಿಕೊಂಡು, ಹೊಡೆಯುತ್ತ, ಸೀಟಿಯ ಕಡೆಗೆ ಮರಳಲ್ಲಿ ನಡೆದೆ. ಸೀಟಿ ಹತ್ತಿರವಾಯಿತು. ನನಗೆ ಖುಷಿಯಾಯಿತು.

"ಮಾರಾಯಾ, ಮರದ ಹತ್ರನೇ ಇದ್ಯಲ?" ಎಂದು ಅವರು ಕೂಗಿದರು.

"ಇಲ್ಲೇ ಇದ್ದೆ, ಬನ್ನಿ ಬನ್ನಿ!" ಎಂದೆ.

ಅವರು ಬಂದರು. ಕಲ್ಲಿಗೆ ಪ್ಲಾಸ್ಟಿಕ್ ಉಜ್ಜಿದ ಸದ್ದು ಕೇಳಿದ ಮೇಲೆಯೇ ನಾನು ಎಲ್ಲಿ ನಿಂತಿದ್ದೇನೆ ಎಂಬುದು ನನಗೆ ತಿಳಿದದ್ದು. ಅಲೆ ಕಯಾಕನ್ನು ಎತ್ತಿ ಬಂಡೆಗೆ ಒಗೆದಿತ್ತು. ಜಾಕೆಟ್ ಅವರನ್ನು ಮುಳುಗಲು ಬಿಡಲಿಲ್ಲ. ಆದರೆ ಪೆಟ್ಟು ತಲೆಗೆ ಬಿದ್ದಿತ್ತು. ಎದೆಮಟ್ಟದ ನೀರಿನಲ್ಲಿ ನಾನು ಅವರನ್ನು ಹಿಡಿದಾಗ ಉಸಿರಿರಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ನನ್ನ ಎರಡೂ ತೋಳು ಹಿಡಿದು, "ನೀ ದಡದಲ್ಲಿ ಇದ್ಯಲ, ಎಂತ ಆತು?" ಎಂದು ಕೇಳಿದಳು.

"ಮಂಜಿತ್ತು," ಎಂದೆ. ಅಷ್ಟೇ ಹೇಳಿದೆ.

ಉಳಿದದ್ದನ್ನು ಊರು ಹೇಳಿತು. ಮೈಮೇಲೆ ಎಚ್ಚರವಿಲ್ಲದ ಮನುಷ್ಯ, ಹೆಂಡತಿ ಮಾತು ಕೇಳಲಿಲ್ಲ, ಹುಚ್ಚು ಧೈರ್ಯ ಮಾಡಿ ಸತ್ತ. ಅಕ್ಕನೂ ಅದನ್ನೇ ನಂಬಿದಳು. ಅವರ ವಿಷಯ ಬಂದರೆ ಅವಳ ಮುಖ ಗಟ್ಟಿಯಾಗುತ್ತಿತ್ತು. ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ನಾನು ಕಂಡವರಲ್ಲಿ ಅಷ್ಟು ಎಚ್ಚರದ ಮನುಷ್ಯ ಇನ್ನೊಬ್ಬರಿಲ್ಲ. ಅವರ ಜೀವದ ಜೊತೆ ಅವರ ಹೆಸರನ್ನೂ ನಾನೇ ಕಳೆದೆ. ಹೀಗೇ ಆರು ವರ್ಷ...

ಅವತ್ತು ಟೈರ್ ಅಂಗಡಿಯಿಂದ ಮನೆಗೆ ಹೋಗಲಾಗಲಿಲ್ಲ. ಸೀದಾ ಅಕ್ಕನಲ್ಲಿಗೆ ಹೋದೆ. ಅವಳು ಮೆಟ್ಟಿಲ ಮೇಲೆ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಅಂದ್ರೆ ಅವ್ರು ಸದ್ದು ಕೇಳಿ ಸರಿಯಾಗೇ ಬರ್ತಾ ಇದ್ರು," ಎಂದಳು.

"ಹೌದು. ತಪ್ಪಿದ್ದು ನಾನು."

ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವಳು ಮಡಿಲಿನ ಎಲೆಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕಿದಳು.

"ಆರು ವರ್ಷ ಬೈದೆ ನಾ ಅವ್ರಿಗೆ. ದಿನಾ ಬೈದೆ. ದೀಪ ಹಚ್ಚುವಾಗ್ಲೂ..."

ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಕೊನೆಗೆ ತಲೆಯೆತ್ತದೆಯೇ, "ನೀ ಈಗ ಹೋಗು ತಮ್ಮಾ," ಎಂದಳು. "ನಂಗೆ ಅವ್ರ ಹತ್ರ ಸ್ವಲ್ಪ ಮಾತಾಡುದಿದೆ."

ನಾನು ಹೊರಟು ಬಂದೆ. ವಾರವಾಯಿತು, ಅಕ್ಕ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಅವಳಿಗೆ ಹೇಳಲು ಬಹಳ ಇರಬೇಕು, ಕೇಳಬೇಕಾದವರು ಇಲ್ಲ.